ಪಪುವಾ ನ್ಯೂಗಿನಿಯಿಂದ ಬೂಗನ್‌ವಿಲ್ ದ್ವೀಪ ಸ್ವತಂತ್ರವಾದರೆ ಅಲ್ಲಿನ ನನ್ನ ಸರ್ಕಾರಿ ಶಿಕ್ಷಕ ಹುದ್ದೆ ಉಳಿಯುತ್ತದೆಯೇ? ಪರಿಹಾರ ಪಡೆದು ಊರಿಗೆ ಮರಳಲೇ, ಕೋರ್ಟಿಗೆ ಹೋಗಲೇ?

ಬೂಗನ್‌ವಿಲ್ ನಾನು ಕಂಡ ಊರಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿರುವ ಮೇಷ್ಟರು ಮೂವತ್ತು ವರ್ಷಗಳ ಹಿಂದಿನ ನಾನೇ.

ನಾನಿದ್ದದ್ದು ಟ್ರಾನ್ಸ್‌ಕೈಯಲ್ಲಿ. ದಕ್ಷಿಣ ಆಫ್ರಿಕದ ಬಿಳಿಯರ ಸರ್ಕಾರ 1976ರಲ್ಲಿ ಷೋಸಾ ಜನರಿಗೆಂದು ಕತ್ತರಿಸಿ ಕೊಟ್ಟ ‘ದೇಶ’ ಅದು. ಪ್ರಿಟೋರಿಯಾದ ಆ ಬಿಳಿಯರ ಸರ್ಕಾರ ಮತ್ತು ಅದರ ಗೊಂಬೆ ಸರ್ಕಾರಗಳನ್ನು ಬಿಟ್ಟರೆ ಯಾರೂ ಮಾನ್ಯ ಮಾಡಿರಲಿಲ್ಲ. ಆದರೂ ನಮ್ಮಂಥ ಗಣಿತ, ವಿಜ್ಞಾನದ ಮೇಷ್ಟರುಗಳು ಬೇರೆ ಆಫ್ರಿಕನ್ ದೇಶಗಳಿಂದ ಅದರ ರಾಜಧಾನಿ ಉಮ್ಟಾಟಾಕ್ಕೆ ಬಂದು ಸೇರಿದ್ದೆವು. ಒಳ್ಳೆಯ ಸಂಬಳ, ಇರಲು ಮನೆ, ಒಪ್ಪಂದ ಮುಗಿದಾಗಲೆಲ್ಲ ನವೀಕರಣ. ನೇಮಕಾತಿ ಪತ್ರದಲ್ಲಿ ‘ತಾತ್ಕಾಲಿಕ’ ಎಂದು ಟೈಪಾಗಿರುತ್ತಿತ್ತು. ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

1994ರ ಏಪ್ರಿಲ್ 27ರಂದು ಆ ದೇಶವೇ ಇಲ್ಲವಾಗಿ ಈಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ ಸೇರಿಹೋಯಿತು. ಹಳೆಯ ಆಡಳಿತದ ನೌಕರರು ಕೆಲಸದಲ್ಲಿ ಮುಂದುವರಿಯುತ್ತಾರೆ ಎಂದು ಮಧ್ಯಂತರ ಸಂವಿಧಾನದ 236ನೇ ವಿಧಿ ಹೇಳಿತ್ತು. ಅದನ್ನು ಓದಿ ನಾನು ನಿಶ್ಚಿಂತನಾದೆ. ಮುಂದುವರಿಯುವುದು ಇದ್ದದ್ದು ಮಾತ್ರ, ತಾತ್ಕಾಲಿಕ ನೌಕರಿ ತಾತ್ಕಾಲಿಕವಾಗಿಯೇ ಮುಂದುವರಿಯುತ್ತದೆ ಎಂಬುದು ಹೊಳೆಯಲೇ ಇಲ್ಲ.

ಕೇರಳದ ಸಹೋದ್ಯೋಗಿಯೊಬ್ಬರು ಕಾಯಂ ವಾಸದ ಅರ್ಜಿ ತಂದು ನನ್ನ ಮೇಜಿನ ಮೇಲಿಟ್ಟು, ‘ಇವತ್ತೇ ತುಂಬಿಸಿ’ ಎಂದರು. ನಾನು ತುಂಬಲಿಲ್ಲ. ಕಾರಣ ಹೇಳುತ್ತೇನೆ, ನಗಬೇಡಿ. ದಾವಣಗೆರೆಯಲ್ಲಿ ನಿವೇಶನ ಕೊಂಡಿದ್ದೆ. ‘ಕಾಯಂ’ ಎಂದು ಬರೆದುಕೊಟ್ಟರೆ ಇನ್ನು ಊರಿಗೆ ಬರುವುದಿಲ್ಲವೆಂದು ಅಪ್ಪ ನೊಂದುಕೊಳ್ಳುತ್ತಾರೆ ಎನ್ನಿಸಿತು. ಭಾರತದ ಪೌರತ್ವ ಹೋಗುತ್ತದೆಂಬ ಹುಸಿ ಭಯ ಬೇರೆ. ಕಾಯಂ ವಾಸವೇ ಬೇರೆ, ಪೌರತ್ವವೇ ಬೇರೆ ಎಂದು ಯಾರನ್ನಾದರೂ ಕೇಳಿದ್ದರೆ ಹೇಳುತ್ತಿದ್ದರು. ಕೇಳಲಿಲ್ಲ. ಶುಲ್ಕ ದಂಡವೆಂದೂ ಲೆಕ್ಕ ಹಾಕಿದೆ, ಗಣಿತದ ಮೇಷ್ಟರಲ್ಲವೇ! ಅರ್ಜಿ ಉತ್ತರ ಪತ್ರಿಕೆಗಳ ಕಟ್ಟಿನಡಿ ಸೇರಿತು.

ಮುಂದಿನ ಒಪ್ಪಂದ ಮುಗಿದಾಗ ನವೀಕರಣವಿಲ್ಲ ಎಂಬ ಕಾಗದ ಬಂತು. ವಕೀಲರು ನೇಮಕಾತಿ ಪತ್ರ ಓದಿ, ‘ತಾತ್ಕಾಲಿಕ’ದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಹಿಂದಿರುಗಿಸಿದರು.

ನಾನು ದಾವಣಗೆರೆಯಲ್ಲಿ ಮನೆಪಾಠಕ್ಕೆ ಕೂತಿದ್ದಾಗ, 1997ರ ನವೆಂಬರ್ 26ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಲಾರ್ಬಿ-ಓಡಾಮ್ ಪ್ರಕರಣದ ತೀರ್ಪು ಕೊಟ್ಟಿತು. ಹೋರಾಡಿದವರು ನಾರ್ತ್ ವೆಸ್ಟ್ ಪ್ರಾಂತ್ಯದ ವಿದೇಶಿ ಶಿಕ್ಷಕರು. ಪೌರರಲ್ಲದವರಿಗೆ ಕಾಯಂ ಶಿಕ್ಷಕ ಹುದ್ದೆ ಕೊಡಬಾರದೆಂಬ ನಿಯಮ ರದ್ದಾಯಿತು. ನಿರುದ್ಯೋಗದ ನೆಪದಲ್ಲಿ ಕಾಯಂ ನಿವಾಸಿಗಳನ್ನು ಹೊರಗಿಡುವಂತಿಲ್ಲ ಎಂದರು ನ್ಯಾಯಮೂರ್ತಿಗಳು. ಕೇರಳದ ಆ ಮೇಷ್ಟರು ಅಲ್ಲಿಯೇ ನಿವೃತ್ತರಾದರು.

ಹಾಗಾಗಿ ಕೋರ್ಟೋ ಪರಿಹಾರವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೈಯಲ್ಲಿ ಯಾವ ಕಾಗದವಿದೆ ಎಂಬುದು ಮೊದಲ ಪ್ರಶ್ನೆ. ನಿಮ್ಮ ಕೆಲಸದ ಪರವಾನಗಿ ಪಪುವಾ ನ್ಯೂಗಿನಿಯ ರಾಜಧಾನಿ ಪೋರ್ಟ್ ಮೊರೆಸ್ಬಿ ಕೊಟ್ಟದ್ದು. ನಾಳೆ ಬೂಕಾದಲ್ಲಿರುವ ಬೂಗನ್‌ವಿಲ್ ಸರ್ಕಾರ ಅದನ್ನು ಮಾನ್ಯ ಮಾಡುತ್ತದೆಯೇ? ಬಾಯಿಮಾತು ಬೇಡ, ಬರೆಸಿಕೊಳ್ಳಿ.

ಸ್ಥಳೀಯರಿಗೆ ಹುದ್ದೆ ಕೊಡುವುದು ದ್ರೋಹ ಎಂದೂ ಬರೆದಿದ್ದೀರಿ. ಇಲ್ಲಿ ಸರೋಜಿನಿ ಮಹಿಷಿ ವರದಿ ಜಾರಿಯಾಗಲಿ ಎನ್ನುವ ನಾವು ಅಲ್ಲಿ ಹಾಗೆ ಹೇಳಿದರೆ ಯಾರು ಒಪ್ಪುತ್ತಾರೆ? ಅವರ ಮಕ್ಕಳಿಗೆ ಅವರು ಕೆಲಸ ಹುಡುಕಲಿ. ನೀವು ಸೇವಾ ಪ್ರಮಾಣಪತ್ರವನ್ನೂ ಭವಿಷ್ಯ ನಿಧಿಯ ಲೆಕ್ಕವನ್ನೂ ಈಗಿನ ಸರ್ಕಾರದ ಮೊಹರಿನೊಂದಿಗೆ ಈಗಲೇ ಪಡೆದಿಟ್ಟುಕೊಳ್ಳಿ. ಪರಿಹಾರದ ಕಾಗದ ಬಂದರೆ, ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ ಎಂಬ ಸಾಲಿದೆಯೇ ಎಂದು ವಕೀಲರಿಂದ ಓದಿಸದೆ ಸಹಿ ಹಾಕಬೇಡಿ.