ಉಕ್ಕಿನ ನಾಣ್ಯ: ಯಾವುದು ಕಲೆ, ಯಾವುದು ತುಕ್ಕು?

ಪ್ರಶ್ನೆ: ದೇವರ ಕೋಣೆಯ ತಗಡಿನ ಡಬ್ಬಿಯಲ್ಲಿ 1988ರ ಈಚಿನ 25 ಪೈಸೆ, 50 ಪೈಸೆ ಮತ್ತು ಒಂದು ರೂಪಾಯಿಯ ನಾಣ್ಯಗಳು ಸಿಕ್ಕಿವೆ. ಕೆಲವುಗಳ ಮೇಲೆ ಕಂದು ಚುಕ್ಕೆಗಳಿವೆ, ಕೆಲವು ಹಳದಿಯಾಗಿವೆ, ಒಂದು ನೀಲಿಗಟ್ಟಿದೆ. ಸ್ಟೀಲ್ ನಾಣ್ಯಕ್ಕೂ ತುಕ್ಕು ಹಿಡಿಯುತ್ತದೆಯೇ? ಹುಣಸೆಹಣ್ಣು ಹಾಕಿ ತಿಕ್ಕಬಹುದೇ?
– ಓದುಗರು, ಶಿರಸಿ

ಉತ್ತರ: ಹಿಡಿಯುತ್ತದೆ, ಆದರೆ ನೀವು ಬರೆದಿರುವುದೆಲ್ಲವೂ ತುಕ್ಕಲ್ಲ. ಮೊದಲು ಅಯಸ್ಕಾಂತ ಹಿಡಿದು ನೋಡಿ. 1988ರ ಸುಮಾರಿಗೆ 25 ಮತ್ತು 50 ಪೈಸೆಗಳನ್ನು ತಾಮ್ರ-ನಿಕಲ್ ಮಿಶ್ರಲೋಹದಲ್ಲಿಯೂ ಟಂಕಿಸುತ್ತಿದ್ದುದರಿಂದ, ಅಂಟದ ನಾಣ್ಯಗಳನ್ನು ಬೇರೆ ಇಡಬೇಕು. ಅಂಟಿಕೊಳ್ಳುವವು ಶೇಕಡಾ 83ರಷ್ಟು ಕಬ್ಬಿಣ, 17ರಷ್ಟು ಕ್ರೋಮಿಯಂ ಇರುವ ಉಕ್ಕಿನವು. ಕ್ರೋಮಿಯಂ ಗಾಳಿಯೊಡನೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟಿ ಕಬ್ಬಿಣವನ್ನು ಕಾಯುತ್ತದೆ. ಬೆವರಿನಲ್ಲಿಯೂ ಉಪ್ಪುನೀರಿನಲ್ಲಿಯೂ ಇರುವ ಕ್ಲೋರೈಡ್ ಅಲ್ಲಲ್ಲಿ ಈ ಪೊರೆಯನ್ನು ಒಡೆದಾಗ, ತುಕ್ಕು ಹರಡುವ ಬದಲು ಸೂಜಿಮೊನೆಯಂಥ ಕುಳಿಗಳಾಗಿ ಒಳಕ್ಕೆ ಇಳಿಯುತ್ತದೆ.

ಆದ್ದರಿಂದ ಕಂದು ಚುಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿ. ನಡುವೆ ಕಪ್ಪು ಕುಳಿ, ಸುತ್ತ ಕಂದು ಬಳೆ ಕಂಡರೆ ಅದು ನಾಣ್ಯದ್ದೇ ತುಕ್ಕು. ಕೆಳಗಿನ ಲೋಹ ನುಣುಪಾಗಿಯೇ ಇದ್ದರೆ ಅದು ತಗಡಿನ ಡಬ್ಬಿಯಿಂದ ಅಂಟಿದ ತುಕ್ಕು. ಅಂಥದ್ದು ಬಹುಪಾಲು ತೊಳೆದರೆ ಹೋಗುತ್ತದೆ. ಹಳದಿಯ ವಿಷಯದಲ್ಲಿ, ದೇವರ ಕೋಣೆ ಎಂದಿರುವುದರಿಂದ, ನನ್ನ ಗುಮಾನಿ ಕಲಶದ ಅರಿಶಿನದ ಮೇಲೆಯೇ: ಸಾಬೂನಿನ ನೀರು ತಾಗಿದೊಡನೆ ಕಲೆ ಕೆಂಪಿಗೆ ತಿರುಗಿದರೆ ಅನುಮಾನ ಬೇಡ. ನೀಲಿಗಟ್ಟಿದ ನಾಣ್ಯ ಎಂದೋ ಬೆಂಕಿಗೆ ಬಿದ್ದಿರಬೇಕು. ಕಾದ ಉಕ್ಕಿನ ಮೇಲಿನ ಪೊರೆ ದಪ್ಪವಾಗುತ್ತ ಹೋದಂತೆ ಹೊನ್ನಿನ ಬಣ್ಣ, ನೇರಳೆ, ನೀಲಿ ಹೀಗೆ ಬಣ್ಣಗಳು ಮೂಡುತ್ತವೆ.

ಹುಣಸೆಹಣ್ಣು ಹಿತ್ತಾಳೆ ಚೆಂಬಿಗೆ ಇರಲಿ. ಅದರಿಂದ ತಿಕ್ಕಿದ ನಾಣ್ಯದಲ್ಲಿ ಟಂಕಸಾಲೆಯ ಮೂಲ ಹೊಳಪು ಉಳಿಯುವುದಿಲ್ಲ, ಉಪ್ಪು ಬೆರೆಸಿದರಂತೂ ಹೊಸ ಕುಳಿಗಳಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಸೌಮ್ಯವಾದ ಸಾಬೂನು, ಬಟ್ಟಿ ಇಳಿಸಿದ ನೀರು, ಮೆತ್ತನೆಯ ಹತ್ತಿಬಟ್ಟೆ ಸಾಕು. ತೊಳೆದ ಮೇಲೆ ತೇವ ಉಳಿಯಬಾರದು. ಕುಳಿ ಬಿದ್ದುದನ್ನು ಯಾವ ಉಪಾಯವೂ ತುಂಬಿಕೊಡದು. ಕೋಟಿಗಟ್ಟಲೆ ಟಂಕಿಸಿದ ಈ ನಾಣ್ಯಗಳಲ್ಲಿ ಕೆಟ್ಟದ್ದನ್ನು ತಿಕ್ಕುತ್ತ ಕೂರುವುದಕ್ಕಿಂತ ಚೆನ್ನಾಗಿರುವ ಇನ್ನೊಂದನ್ನು ಹುಡುಕುವುದು ಲೇಸು.

ಪ್ರಶ್ನೆ: ಹಡಗಿನಲ್ಲಿ ಕೆಲಸಕ್ಕಿದ್ದ ಅಜ್ಜ ತಂದ 1943ರ ಅಮೆರಿಕದ ಒಂದು ಸೆಂಟ್ ನಾಣ್ಯದ ಅಂಚಿನಲ್ಲಿ ಮಾತ್ರ ಕೆಂಪು ತುಕ್ಕಿದೆ, ಮೈಮೇಲೆ ಬಿಳಿ ಪುಡಿಯಿದೆ. ಏಕೆ?
– ಓದುಗರು, ಮಂಗಳೂರು

ಉತ್ತರ: ಯುದ್ಧಕ್ಕೆ ತಾಮ್ರ ಬೇಕಾಗಿದ್ದ ಆ ವರ್ಷ ಅಮೆರಿಕದವರು ಸತು ಲೇಪಿಸಿದ ಸಾದಾ ಉಕ್ಕಿನಲ್ಲಿ ಸೆಂಟ್ ಟಂಕಿಸಿದರು. ಹಾಳೆಗೆ ಮೊದಲು ಲೇಪ ಕೊಟ್ಟು ಆಮೇಲೆ ಬಿಲ್ಲೆ ಕತ್ತರಿಸಿದ್ದರಿಂದ ಅಂಚಿಗೆ ಲೇಪವೇ ಇಲ್ಲ. ತುಕ್ಕು ಅಲ್ಲಿಂದಲೇ ಆರಂಭವಾಗುತ್ತದೆ. ಬಿಳಿ ಪುಡಿ ಸವೆಯುತ್ತಿರುವ ಸತುವಿನದು. ಅದನ್ನು ಕೆರೆದರೆ ಉಳಿದ ಲೇಪವೂ ಹೋಗುತ್ತದೆ. ನಾಣ್ಯ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿದ್ದರೆ ಅದರಿಂದ ತೆಗೆದು, ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಕರಾವಳಿಯ ಗಾಳಿಯಲ್ಲಿ ಆ ಪೊಟ್ಟಣವನ್ನು ಆಗಾಗ ಬದಲಿಸಲೇಬೇಕು.