ಸ್ಲೀವ್ ಆಪರೇಷನ್: ಮೊದಲ ಆರು ವಾರ

ಪ್ರಶ್ನೆ: ಮಗನಿಗೆ 16 ವರ್ಷ, ಎತ್ತರ 170 ಸೆಂ.ಮೀ., ತೂಕ 128 ಕೆಜಿ. ಶುಗರ್ ಬಂದಿದೆ, ನಿದ್ದೆಯಲ್ಲಿ ಗೊರಕೆಯ ನಡುವೆ ಉಸಿರು ಕಟ್ಟುತ್ತದೆ. ಡಯಟ್, ವಾಕಿಂಗ್ ಎಲ್ಲ ಆಯಿತು. ಈಗ ಸ್ಲೀವ್ ಆಪರೇಷನ್ ಮಾಡಿಸಿ ಎನ್ನುತ್ತಿದ್ದಾರೆ. ಈ ವಯಸ್ಸಿಗೆ ಸರಿಯೇ?
– ಒಬ್ಬ ತಾಯಿ, ಹಾಸನ

ಉತ್ತರ: ವಯಸ್ಸು ಅಡ್ಡಿಯಲ್ಲ. ಅವನ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 44 ದಾಟಿದೆ. ತೀವ್ರ ಬೊಜ್ಜಿರುವ 13 ತುಂಬಿದ ಮಕ್ಕಳನ್ನು ಸರ್ಜರಿ ತಂಡಕ್ಕೆ ತೋರಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲೇ ಹೇಳಿದೆ. ತೋರಿಸಿ ಎಂದರೆ ಕೊಯ್ಯಿಸಿ ಎಂದಲ್ಲ. ಮೊದಲು ಸ್ಲೀಪ್ ಸ್ಟಡಿ, ಎಂಡೋಸ್ಕೋಪಿ ಆಗಲಿ. ಹುಳಿತೇಗು ಜೋರಿದ್ದರೆ ಸ್ಲೀವ್ ಅದನ್ನು ಹೆಚ್ಚಿಸಬಹುದು, ಆಗ ಜಠರದ ಬೈಪಾಸ್ (ಜಠರವನ್ನು ಚಿಕ್ಕದು ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸುವ ಆಪರೇಷನ್) ಯೋಚಿಸುತ್ತಾರೆ. ಮನೋವೈದ್ಯರ ಮುಂದೆ ಹುಡುಗ ಒಬ್ಬನೇ ಕೂರಲಿ. ಅವನಿಗೇ ಬೇಕೋ, ನಿಮ್ಮ ಬಲವಂತಕ್ಕೆ ಒಪ್ಪಿದ್ದೋ ಅಲ್ಲಿ ತಿಳಿಯುತ್ತದೆ.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಕೊಳವೆ ಉಳಿಸುತ್ತಾರೆ. ಮತ್ತೆ ಜೋಡಿಸುವಂತಿಲ್ಲ. ಆಪರೇಷನ್‌ಗೂ ಮುಂಚೆ ಸುಮಾರು 2 ವಾರ ಕಡಿಮೆ ಕ್ಯಾಲೊರಿ ಆಹಾರ. ಕೊಬ್ಬು ತುಂಬಿದ ಲಿವರ್ ಕುಗ್ಗದಿದ್ದರೆ ಸರ್ಜನ್‌ಗೆ ಜಠರ ಸರಿಯಾಗಿ ಕೈಗೆ ಸಿಗುವುದಿಲ್ಲ. ಆ ದಿನಗಳಲ್ಲಿ ಶುಗರ್ ಮಾತ್ರೆ ಇಳಿಸಬೇಕೇ ಎಂದು ವೈದ್ಯರನ್ನು ಕೇಳಿ.

ಆಪರೇಷನ್ ಆದ ಮೇಲೆ 2 ವಾರ ಬೇಳೆಕಟ್ಟು, ನೀರುಮಜ್ಜಿಗೆ, ಪ್ರೋಟೀನ್ ಪುಡಿ ಕದಡಿದ ಹಾಲು. ಮುಂದಿನ 2 ವಾರ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಹೋಗಬೇಕು. ಮುದ್ದೆ, ಅನ್ನದಿಂದ ಶುರು ಮಾಡಿದರೆ ಮೊಟ್ಟೆ, ಪನೀರಿಗೆ ಜಾಗವೇ ಇರುವುದಿಲ್ಲ. ಎರಡು ಇಡ್ಲಿ ಹಿಡಿಸದ ಹೊಟ್ಟೆಯೊಳಗೆ ಮಿಲ್ಕ್‌ಶೇಕ್ ಮಾತ್ರ ಸಲೀಸಾಗಿ ಜಾರುತ್ತದೆ. ಇಳಿದ ತೂಕ ಮರಳುವ ಕಳ್ಳದಾರಿ ಅದು.

ಮೊದಲ ವಾರಗಳಲ್ಲಿ ಜ್ವರ ಅಥವಾ ಎಡಭುಜದ ನೋವು ಬಂದರೆ, ಇಲ್ಲವೇ ನಾಡಿ ನಿಮಿಷಕ್ಕೆ 120 ದಾಟಿದರೆ ಗ್ಯಾಸ್ ಎಂದು ಸುಮ್ಮನಿರಬೇಡಿ. ಕತ್ತರಿಸಿ ಪಿನ್ ಹೊಡೆದ ಗೆರೆ ಸೋರುತ್ತಿರಬಹುದು, ಆಪರೇಷನ್ ಮಾಡಿದ ಆಸ್ಪತ್ರೆಗೇ ಓಡಿ. ವಾಂತಿ ನಿಲ್ಲದಿದ್ದರೆ ವಿಟಮಿನ್ ಬಿ1 (ಥಯಾಮಿನ್) ಕುಸಿದು ನಡಿಗೆ ತೂರಾಡುತ್ತದೆ, ಕಣ್ಣೆದುರಿನದು ಎರಡೆರಡಾಗಿ ಕಾಣುತ್ತದೆ. ಪಕ್ಕದ ಕ್ಲಿನಿಕ್‌ನಲ್ಲಿ ಬರೀ ಗ್ಲೂಕೋಸ್ ಏರಿಸಿದರೆ ಇನ್ನೂ ಕೆಡುತ್ತದೆ. ಮೊದಲು ಥಯಾಮಿನ್ ಇಂಜೆಕ್ಷನ್ ಬೀಳಬೇಕು.

ಬಿ12, ಕಬ್ಬಿಣ, ವಿಟಮಿನ್ ಡಿ, ಕ್ಯಾಲ್ಸಿಯಂ ಸಿಟ್ರೇಟ್ ಜೀವನಪೂರ್ತಿ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ 2 ಗಂಟೆ ಅಂತರವಿರಲಿ. ಹಾಸ್ಟೆಲ್ ಸೇರಿದೊಡನೆ ಮಾತ್ರೆ ಡಬ್ಬಿ ಮರೆಯುವುದು ಈ ವಯಸ್ಸಿನವರ ಚಾಳಿ, ಫೋನ್ ಮಾಡಿ ಕೇಳುತ್ತಿರಿ.

ಪ್ರಶ್ನೆ: 18ರ ಮಗಳಿಗೆ ಸ್ಲೀವ್ ಆಗಿ 4 ತಿಂಗಳು. ಬಾಚಿದರೆ ಕೂದಲು ಕೈಗೇ ಬರುತ್ತಿದೆ.

ಉತ್ತರ: ತೂಕ ಸರ್ರನೆ ಇಳಿದಾಗ 3ರಿಂದ 6ನೇ ತಿಂಗಳಲ್ಲಿ ಹೀಗಾಗುತ್ತದೆ, ಸಾಮಾನ್ಯವಾಗಿ ಮತ್ತೆ ಹುಟ್ಟುತ್ತದೆ. ಕೂದಲಿಗೆಂದು ಮಾರುವ ಬಯೋಟಿನ್ ಮಾತ್ರೆಗೆ ದುಡ್ಡು ಸುರಿಯುವ ಮೊದಲು, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ, ದಿನಕ್ಕೆ ಎಷ್ಟು ಪ್ರೋಟೀನ್ ತಿನ್ನುತ್ತಿದ್ದಾಳೆಂದು ಒಂದು ವಾರ ಬರೆದಿಡಿ.