ದುಡ್ಡು ಅಲ್ಲಿಗೆ ಹೋಗುವ ದಾರಿ
ದ್ವೇಷ ಕಾರುವ ಸೈಟಿಗೆ ನಾವು ಜಾಹೀರಾತೇ ಕೊಟ್ಟಿಲ್ಲ, ಆದರೂ ಅಲ್ಲಿ ನಮ್ಮ ಬ್ಯಾನರ್ ಹೇಗೆ ಬಂತು ಅಂತ ಕೇಳಿದ್ದೀರಿ. ನೀವು ದುಡ್ಡು ಕೊಟ್ಟಿರುವುದು ನೋಡುಗರನ್ನು ಹಿಡಿಯೋಕೆ, ಅಲ್ವಾ? ಯಾರೋ ಪುಟ ತೆರೆದ ಕೂಡಲೇ, ಕಣ್ಣು ಮಿಟುಕಿಸುವಷ್ಟರಲ್ಲಿ, ಅಲ್ಲಿನ ಜಾಹೀರಾತಿನ ಖಾಲಿ ಜಾಗ ಹರಾಜಾಗುತ್ತದೆ, ಆ ವ್ಯಕ್ತಿ ಹಿಂದೆ ನಿಮ್ಮ ಸೈಟಿಗೆ ಬಂದಿದ್ದರೆ ನಿಮ್ಮ ಪರವಾಗಿ ಸಾಫ್ಟ್‌ವೇರೇ ಜಾಸ್ತಿ ಬೆಲೆ ಕೂಗಬಹುದು. ಪುಟದಲ್ಲಿ ಏನು ಬರೆದಿದೆ ಅನ್ನೋದು ಅದಕ್ಕೆ ಅಷ್ಟಾಗಿ ಬೇಕಿಲ್ಲ. 2016ರಲ್ಲಿ ಸ್ಲೀಪಿಂಗ್ ಜೈಂಟ್ಸ್ ಅನ್ನೋ ಆನ್‌ಲೈನ್ ಹೋರಾಟದ ಗುಂಪು ಅಮೆರಿಕದ ತೀವ್ರ ಬಲಪಂಥೀಯ ಸುದ್ದಿ ಸೈಟ್ ಬ್ರೈಟ್‌ಬಾರ್ಟ್‌ನ ಪುಟಗಳ ಸ್ಕ್ರೀನ್‌ಶಾಟ್ ತೋರಿಸಿದಾಗ ಎಷ್ಟೋ ಕಂಪನಿಗಳಿಗೆ ತಮ್ಮ ಜಾಹೀರಾತು ಅಲ್ಲಿರುವುದೇ ಗೊತ್ತಿರಲಿಲ್ಲ.

ನಿಮ್ಮ ಜಾಹೀರಾತು ಏಜೆನ್ಸಿಯವರ ಹತ್ತಿರ ಡೊಮೇನ್ ಹೆಸರು (ಸೈಟಿನ ವಿಳಾಸ) ಸಮೇತ ಪ್ಲೇಸ್‌ಮೆಂಟ್ ರಿಪೋರ್ಟ್, ಅಂದರೆ ಜಾಹೀರಾತು ಎಲ್ಲೆಲ್ಲಿ ಬಂತು ಅನ್ನೋ ಪಟ್ಟಿ, ಕೇಳಿ, ಸುಮ್ನೆ ಕ್ಲಿಕ್ ಲೆಕ್ಕ ಕೊಟ್ಟರೆ ಒಪ್ಪಬೇಡಿ. ಬೇಡದ ಸೈಟುಗಳನ್ನು ಒಂದೊಂದಾಗಿ ತೆಗೆಯುವ ಬದಲು ಬೇಕಾದವನ್ನು ಮಾತ್ರ ಪಟ್ಟಿಗೆ ಸೇರಿಸಿ. ಇಲ್ಲದಿದ್ದರೆ ಆ ಬೇಡದ ಸೈಟಿನವರು ಹೊಸ ಹೆಸರಲ್ಲಿ ಮತ್ತೆ ಬರುತ್ತಾರೆ.